ಬಾವುಟದ ಊಟ

ಪೋರ್ತೊ ಸೆರೇನೊದಲ್ಲಿ ಬಸ್ಸಿಳಿದವರು ಚೀಲ ಕೆಳಗಿಡುವ ಮೊದಲೇ ಕೇಳುತ್ತಾರೆ: ಇಲ್ಲಿ ಊಟಕ್ಕೆ ಎಲ್ಲಿ ಹೋಗಬೇಕು? ಕೇಳಿಸಿಕೊಂಡವನು ತನ್ನ ಭಾವನ ಹೋಟೆಲು ತೋರಿಸುತ್ತಾನೆ. ಹೋಟೆಲಿಟ್ಟ ಭಾವ ಇಲ್ಲದವನು ಚರ್ಚಿನ ಚೌಕದ ಕಡೆ ಕೈ ಮಾಡುತ್ತಾನೆ. ರಜೆ ಬಂತೆಂದರೆ ಸಾವೊ ಪಾವ್ಲೊದ ಕಾರುಗಳು ಘಾಟಿಯಿಳಿದು ಸಾಲುಗಟ್ಟುತ್ತವೆ, ಊರ ತುಂಬ ಇದೊಂದೇ ಪ್ರಶ್ನೆ ಸೊಳ್ಳೆಯಂತೆ ಗುಂಯ್‌ಗುಡುತ್ತದೆ.

ಬಾವುಟಕ್ಕೆ ಮಾತ್ರ ಆ ಪ್ರಶ್ನೆ ಇರಲಿಲ್ಲ. ಪವಿತ್ರಾತ್ಮನ ಹಬ್ಬದ ಹಿಂದಿನ ಶನಿವಾರ, ಕೆಂಪು ಬಟ್ಟೆಯ ಮೇಲೆ ಆತನ ಗುರುತಾದ ಬಿಳಿ ಪಾರಿವಾಳ ಹೊಲಿದ ಆ ಬಾವುಟ ತನ್ನ ಹಾಡುಗಾರರ ಜೊತೆ ಮನೆಮನೆಗೆ ಹೋಗಿ ಪದ ಹೇಳಿಸಿ, ಹೊತ್ತು ನೆತ್ತಿಗೆ ಬಂದಾಗ ದೋಣಿಗಳ ಓಣಿಗೆ ತಿರುಗುತ್ತಿತ್ತು. ಓಣಿಯ ಕೊನೆಯಲ್ಲಿ, ಸಮುದ್ರಕ್ಕೆ ಬೆನ್ನು ಕೊಟ್ಟ ಮನೆ ಯುಫ್ರಾಸಿಯಳದು. ಬಾವುಟವನ್ನು ಅವಳ ಮನೆಯ ಪೀಠದ ಮೇಲೆ ನಿಲ್ಲಿಸಿ, ಹೊತ್ತವರು, ಹಾಡುವವರು, ಹಿಂದೆ ಬಂದವರು ಎಲ್ಲ ಅವಳ ಮೇಜಿಗೆ ಕೂರುತ್ತಿದ್ದರು. ನಮ್ಮಲ್ಲಿ ಅದಕ್ಕೆ ಬಾವುಟ ಉಂಡಿತು ಎನ್ನುತ್ತಾರೆ.

ಅದು ಅವಳ ಹರಕೆ. ಗಂಡ ಜೊವಿನೊ ಮತ್ತು ಇನ್ನೂ ಹಾಲುಹಲ್ಲಿನ ಮಗ ಅದೆಮಾರ್ ಇಬ್ಬರೂ ಇದ್ದ ದೋಣಿ ನೈಋತ್ಯದ ಗಾಳಿಗೆ ಮಗುಚಿದ ದಿನ, ಅವಳು ಮರಳಲ್ಲಿ ಮಂಡಿಯೂರಿ ಕೂಗಿದ್ದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದ್ದೇನೆ.

"ಇಬ್ಬರನ್ನೂ ಕೇಳಲ್ಲ, ಸ್ವಾಮಿ. ಒಬ್ಬನನ್ನ ಕೊಡು. ಜೀವ ಇರೋ ತನಕ ನಿನ್ನ ಬಾವುಟಕ್ಕೆ ನನ್ನ ಕೈಯಾರೆ ಉಣ್ಣಿಸ್ತೀನಿ. ಅದು ಬರೋ ದಿನ, ಅದು ಉಣ್ಣೋವರೆಗೂ ನಾನು ತುತ್ತು ಮುಟ್ಟಲ್ಲ."

ಕತ್ತಲಾಗುವ ಮೊದಲು ಅಲೆ ಮಗನನ್ನು ತಂದುಕೊಟ್ಟಿತು. ಗಂಡನನ್ನು ಕೊಡಲಿಲ್ಲ, ಹೆಣವನ್ನು ಸಹ. ಅದಕ್ಕಾಗಿ ಅವಳು ದೇವರ ಮೇಲೆ ಒಂದು ಮಾತು ಆಡಿದ್ದಿಲ್ಲ. "ಒಬ್ಬನನ್ನ ಕೇಳಿದ್ದೆ, ಒಬ್ಬನನ್ನ ಕೊಟ್ಟ. ಲೆಕ್ಕ ಸರಿ ಇದೆ" ಎನ್ನುತ್ತಿದ್ದಳು. ಆ ಮಗುವನ್ನು ಜ್ಞಾನಸ್ನಾನದ ತೊಟ್ಟಿಯ ಮೇಲೆ ಹಿಡಿದಿದ್ದವಳು ನಾನು. ಅಂದಿನಿಂದ ನಾನು ಅವಳಿಗೆ ಕೊಮಾದ್ರೆ, ಅವಳು ನನಗೆ ಕೊಮಾದ್ರೆ. ಒಡಹುಟ್ಟಿದವರಿಗಿಂತ ಒಂದು ಎಳೆ ಹೆಚ್ಚಿನ ನಂಟು ಅದು.

ಅದೆಮಾರ್ ಬೆಳೆದು ದೊಡ್ಡವನಾದ ಮೇಲಿನ ಒಂದು ವರ್ಷ, ಹಬ್ಬದ ಹಿಂದಿನ ಶನಿವಾರ, ಎಂದಿನಂತೆ ಬೆಳಗಿನ ಪ್ರಾರ್ಥನೆ ಮುಗಿಸಿ ನೇರ ಅವಳ ಅಡುಗೆಮನೆಗೆ ಹೋದೆ. ಕಬ್ಬಿಣದ ದೊಡ್ಡ ಪಾತ್ರೆಯಲ್ಲಿ ಕಾಯಿಬಾಳೆ ಸಿಪ್ಪೆಸಮೇತ ಕುದಿಯುತ್ತಿತ್ತು. ಆ ಕಾಯಿಯ ಒಗರು ಕಬ್ಬಿಣಕ್ಕೆ ತಾಗಿ ನೀರು ಮೆಲ್ಲಗೆ ಮೋಡದ ಬಣ್ಣಕ್ಕೆ, ಆಮೇಲೆ ಆಳದ ಕಡಲಿನ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಮುರುಮೀನಿನ ತುಂಡು ಬಿಟ್ಟು, ಕೊನೆಗೆ ಆ ನೀಲಿ ಸಾರಿಗೆ ಮರಗೆಣಸಿನ ಹಿಟ್ಟು ಕಲಸಿ ಅಂಬಲಿ ಮಾಡುತ್ತೇವೆ. ಬೆಸ್ತರ ಮನೆಯ ಊಟ. ನನ್ನ ಚಿಕ್ಕಂದಿನಲ್ಲಿ ಬೇರೆಯವರ ಮುಂದೆ ಇದನ್ನು ಬಡಿಸಲು ನಾಚುತ್ತಿದ್ದೆವು.

"ನಿನ್ನೆ ಸಂಜೆ ಅದೆಮಾರ್ ಬಂದಿದ್ದ," ಎಂದಳು ಯುಫ್ರಾಸಿಯ, ಕೊತ್ತಂಬರಿ ಬಿಡಿಸುತ್ತ. "ಅಮ್ಮಾ, ಈ ಸಲ ಜಾಸ್ತಿ ಮಾಡಬೇಡ ಅಂದ."

"ಯಾಕಂತೆ?"

"ನನಗೆ ವಯಸ್ಸಾಯ್ತಂತೆ. ಸೊಂಟ ನೋವಂತೆ. ನನ್ನ ಸೊಂಟದ ಸುದ್ದಿ ಅವನಿಗೆ ಯಾರು ಹೇಳಿದ್ರೋ!" ನಕ್ಕಳು. "ಹೋಟೆಲಲ್ಲಿ ಕೆಲಸ ಮಾಡಿ ಮಾಡಿ ಮಾತಾಡೋದು ಕಲ್ತಿದ್ದಾನೆ. ಮುಂಚೆ ಹಸಿವಾಯ್ತು, ನಿದ್ದೆ ಬಂತು, ಇಷ್ಟೇ ಇತ್ತು ಅವನ ಹತ್ರ."

ಅದೆಮಾರ್ ಚೌಕದ ದೊಡ್ಡ ಹೋಟೆಲಿನಲ್ಲಿ ಬಡಿಸುವವರ ಮೇಲ್ವಿಚಾರಕ. ಒಡತಿ ಹೊರಗಿನವಳು, ಸಾವೊ ಪಾವ್ಲೊದ ಕಡೆಯವಳು. ಅಡುಗೆಮನೆಯನ್ನೇ ಅವನ ಕೈಗೆ ಕೊಡುತ್ತಾಳೆ ಎಂದು ಊರಲ್ಲಿ ಮಾತಿತ್ತು. ಬೆಳಿಗ್ಗೆ ಚರ್ಚಿನಿಂದ ಬರುವಾಗ ಆ ಹೋಟೆಲಿನ ಜಗಲಿಯಲ್ಲಿ ಮೇಜುಗಳನ್ನು ಒಂದಕ್ಕೊಂದು ಜೋಡಿಸಿ ಕೆಂಪು ಬಟ್ಟೆ ಹಾಸುತ್ತಿದ್ದುದನ್ನು ನಾನು ಕಂಡಿದ್ದೆ. ಹಬ್ಬವಲ್ಲವೇ, ಎಂದುಕೊಂಡು ಬಂದಿದ್ದೆ.

ಹೊತ್ತು ಏರಿತು. ಯುಫ್ರಾಸಿಯ ಒಗೆದ ಬಿಳಿ ಅಂಗಿ ತೊಟ್ಟು, ಮೇಣದ ಬತ್ತಿ ಹಿಡಿದು ಹೊಸ್ತಿಲಲ್ಲಿ ನಿಂತಳು. ಬಾವುಟ ಓಣಿಗೆ ತಿರುಗಿದಾಗ ಮನೆಯೊಡತಿ ಹೊಸ್ತಿಲಲ್ಲಿರಬೇಕು, ಅಲ್ಲಿಂದ ಕದಲುವ ಹಾಗಿಲ್ಲ. ದೂರದಲ್ಲಿ ಚರ್ಮವಾದ್ಯದ ಸದ್ದು ಕೇಳಿಸಿತು. ಚೌಕಕ್ಕೆ ಬಂತು. ಅಲ್ಲೇ ನಿಂತಿತು.

"ನೀರು ಕುಡೀತಿರಬೇಕು," ಎಂದಳು.

ನೀರು ಕುಡಿಯುವಷ್ಟು ಹೊತ್ತು ಕಳೆಯಿತು. ಒಂದು ಕೊಡ ನೀರು ಕುಡಿಯುವಷ್ಟು ಹೊತ್ತೂ ಕಳೆಯಿತು. ಏಡಿ ಮಾರುವ ಜೆಸುಯೀನ ತಲೆಯ ಮೇಲಿನ ಬುಟ್ಟಿ ಸರಿಮಾಡಿಕೊಳ್ಳುತ್ತ ಓಣಿಯಲ್ಲಿ ಬಂದವಳು ಬತ್ತಿ ಹಿಡಿದು ನಿಂತವಳನ್ನು ಕಂಡು ನಡಿಗೆ ನಿಧಾನ ಮಾಡಿದಳು. ಹಿರಿಯ ಹೆಂಗಸರನ್ನು ನಮ್ಮಲ್ಲಿ ದೋನ ಎಂದು ಕರೆಯುತ್ತಾರೆ.

"ಯಾರಿಗೆ ಕಾಯ್ತಿದ್ದೀರ ದೋನ ಯುಫ್ರಾಸಿಯ? ಅವರು ಅಲ್ಲಿ ಕೂತಾಗಿದೆ. ಹೋಟೆಲು ಜಗಲಿಯಲ್ಲಿ. ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ, ಇವತ್ತು ಬಾವುಟದ ಜೊತೆ ಊಟ ಅಂತ. ಕುರ್ಚಿಗೆ ಜನ ಜಗಳ ಆಡ್ತಿದ್ದಾರೆ."

"ನಿನ್ನ ಬಾಯಿಗೆ ಏಡಿ ಕಚ್ಚ! ಹೋಗೇ," ಎಂದಳು ಯುಫ್ರಾಸಿಯ. ಅವಳು ಹೋದ ಮೇಲೆ ನನ್ನ ಕಡೆ ತಿರುಗಿದಳು. "ನೀನು ನೋಡ್ಕೊಂಡು ಬಾ ಕೊಮಾದ್ರೆ. ನಾನು ಕದಲೋ ಹಾಗಿಲ್ಲ."

ಹೋದೆ. ಏಡಿಯವಳು ಸುಳ್ಳು ಹೇಳಿರಲಿಲ್ಲ. ಬಾವುಟವನ್ನು ಜಗಲಿಯ ಕಂಬಕ್ಕೆ ಕಟ್ಟಿದ್ದರು, ಊಟದ ಪಟ್ಟಿ ಬರೆದ ಕಪ್ಪು ಹಲಗೆಯ ಪಕ್ಕಕ್ಕೆ. ಬಂದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಒಬ್ಬಳು ಪಾರಿವಾಳದ ಪಕ್ಕ ತುಟಿ ಮುಂದೆ ಮಾಡಿ ಮುತ್ತು ಕೊಡುವಂತೆ ನಿಂತಿದ್ದಳು. ಹಾಡುಗಾರರೆಲ್ಲ ಹೋಟೆಲಿನವರು ಕೊಟ್ಟ ಒಂದೇ ಬಗೆಯ ಹೊಸ ಕೆಂಪು ಅಂಗಿ ತೊಟ್ಟು ಕುಳಿತಿದ್ದರು. ನಡುವೆ ಮೇಸ್ತ್ರಿ ಕಿರೀನೊ. ಹಾಡು ಎತ್ತಿಕೊಡುವವನು ಅವನು. ನನ್ನ ಅಪ್ಪನ ಕಾಲದ ಪದಗಳು ಅವನ ಎದೆಯಲ್ಲಿವೆ. ನಾನು ಓದು ಕಲಿಯುವ ಮೊದಲೇ ದೇವರನ್ನು ಕಲಿತದ್ದು ಅವನ ಬಾಯಿಂದ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಮಾದ್ರೀನ್ಯ! ಬನ್ನಿ, ಕೂತ್ಕೊಳ್ಳಿ," ಅದೆಮಾರ್ ತೋಳಿನ ಮೇಲೆ ತಟ್ಟೆಗಳನ್ನು ಸಾಲಾಗಿ ಹೊತ್ತು ಬಂದ. ಜ್ಞಾನಸ್ನಾನದ ತಾಯಿಯನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು.

"ಕೂರೋಕೆ ಬಂದಿಲ್ಲ. ನಿಮ್ಮಮ್ಮ ಬತ್ತಿ ಹಿಡ್ಕೊಂಡು ನಿಂತಿದ್ದಾಳೆ. ಬೆಳಗಿಂದ ಏನೂ ತಿಂದಿಲ್ಲ."

"ಹೇಳಿದ್ದೆನಲ್ಲ, ಜಾಸ್ತಿ ಮಾಡಬೇಡ ಅಂತ."

"ಜಾಸ್ತಿ ಮಾಡಬೇಡ ಅಂದೆ. ಬರಲ್ಲ ಅಂದ್ಯಾ?"

ಅವನು ತಟ್ಟೆಗಳನ್ನು ನೋಡಿಕೊಂಡ. "ಬರ್ತಾರೆ ಮಾದ್ರೀನ್ಯ. ಊಟ ಮುಗಿಸಿ ಬರ್ತಾರೆ."

"ಊಟ ಮುಗಿಸಿ ಊಟಕ್ಕೆ ಬರ್ತಾರಾ?"

ಮೇಜಿನ ತುದಿಯಿಂದ ಚರ್ಮವಾದ್ಯದ ತಿಬೂರ್ಸಿಯೊ ಬಾಯಿ ಹಾಕಿದ. ಅವನಿಗೆ ಸಾವಿನ ಮನೆಯಲ್ಲೂ ತಮಾಷೆ ಬೇಕು. "ಕೋಪ ಮಾಡ್ಕೋಬೇಡಿ ದೋನ ಒಲಿಂಪಿಯ. ಇಲ್ಲಿ ಕುರ್ಚಿಗೆ ಮೆತ್ತೆ ಇದೆ. ಪವಿತ್ರಾತ್ಮ ಹಕ್ಕಿ ಅಲ್ವಾ, ಮೆತ್ತಗಿರೋ ಕಡೆ ಕೂರುತ್ತೆ."

"ಮೊಟ್ಟೆ ಇಡೋಕಾ?" ಎಂದೆ. ಪಿಟೀಲಿನವನು ಕೆಮ್ಮಿದ. ಮೇಸ್ತ್ರಿಯ ಮುಂದೆ ಹೋಗಿ ನಿಂತೆ. "ನೀವಾದರೂ ಹೇಳಿ, ಮೇಸ್ತ್ರಿ."

"ಕರೆದರು, ಕೂತೆವು," ಎಂದ ಅವನು ತಟ್ಟೆಗೇ ಹೇಳುವಂತೆ. "ಬಾವುಟವನ್ನ ಕರೆದ ಬಾಗಿಲಿಗೆ ಇಲ್ಲ ಅನ್ನೋ ಹಾಗಿಲ್ಲ. ಅದು ಹಿರಿಯರು ಹಾಕಿದ ಕಟ್ಟಳೆ."

"ಕರೀದೇನೆ ಬರ್ತಿದ್ದ ಬಾಗಿಲಿಗೆ ಏನು ಕಟ್ಟಳೆ?"

ಅವನು ಮೀನಿನ ಮುಳ್ಳನ್ನು ಬಾಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟ.

ಹಿಂದಿರುಗಿ ಬಂದಾಗ ಯುಫ್ರಾಸಿಯ ಅದೇ ಜಾಗದಲ್ಲಿದ್ದಳು. ಬತ್ತಿ ಅರ್ಧಕ್ಕೆ ಇಳಿದು ಮೇಣ ಬೆರಳ ಮೇಲೆ ಗಟ್ಟಿಯಾಗಿತ್ತು. ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ. ಅವಳಿಗೆ ನಾನು ಎಂದೂ ಬೇರೆ ಥರ ಹೇಳಿದವಳಲ್ಲ.

"ಅದೆಮಾರ್ ಇದ್ದನಾ?"

"ಅವನೇ ಬಡಿಸ್ತಿದ್ದ."

ಅವಳು ಒಳಗೆ ಹೋಗಿ ಒಲೆಗೆ ಇನ್ನೊಂದು ಕೊರಡು ತಳ್ಳಿ ಮತ್ತೆ ಹೊಸ್ತಿಲಿಗೆ ಬಂದಳು. "ಏನು ಬಡಿಸಿದ?"

"ಇದೇ. ನೀಲಿ ಮೀನು."

"ನೀಲಿ ಇತ್ತಾ?"

"ತಟ್ಟೆ ನೀಲಿ ಇತ್ತು," ಎಂದೆ. ಅವಳ ತುಟಿ ಒಂದಿಷ್ಟು ಸಡಿಲವಾಯಿತು, ನಗುವಾಗಲಿಲ್ಲ.

ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಬಾವುಟ ಬಂತು. ಹಿಂದೆ ಚೌಕದ ಊಟ ಮುಗಿಸಿದವರ ದೊಡ್ಡ ಹಿಂಡು, ಕೈಯಲ್ಲಿ ಫೋನು. ಊಟಕ್ಕೆ ಅಲ್ಲಿ ಕುರ್ಚಿ ಸಿಗದವರೂ ಕೆಲವರಿದ್ದರು. ಅದೆಮಾರ್ ಏಪ್ರನ್ ಬಿಚ್ಚದೆಯೇ ಬಂದಿದ್ದ. ಯುಫ್ರಾಸಿಯ ಬತ್ತಿಯಿಂದ ದಾರಿ ತೋರಿದಳು, ಬಾವುಟಕ್ಕೆ ಮಂಡಿಯೂರಿದಳು, ಅದರ ಅಂಚನ್ನು ಕಣ್ಣಿಗೊತ್ತಿಕೊಂಡಳು. ಪೀಠದ ಮೇಲೆ ಅದನ್ನು ನಿಲ್ಲಿಸಿದರು. ಹಾಡುಗಾರರು ಮೇಜಿನ ಸುತ್ತ ನಿಂತರು. ಯಾರೂ ಕೂರಲಿಲ್ಲ.

"ಕೂತ್ಕೊಳ್ಳಿ," ಎಂದಳು ಅವಳು.

"ದೋನ ಯುಫ್ರಾಸಿಯ," ಮೇಸ್ತ್ರಿ ಗಂಟಲು ಸರಿಮಾಡಿಕೊಂಡ, "ಹೊಟ್ಟೆ ಭಾರ ಆಗಿದೆ. ಊಟದ ಪದ ಹಾಡಿಬಿಡ್ತೀವಿ. ಪದ ಹಾಡಿದ್ರೆ ಊಟ ಆದ ಹಾಗೇ."

"ಉಣ್ಣದ ಮೇಜಿಗೆ ಉಂಡೆವು ಅಂತ ಹಾಡ್ತೀರಾ? ಇದರ ಮುಂದೆ?" ಅವಳು ಬಾವುಟದ ಕಡೆ ಕೈ ಮಾಡಿದಳು.

"ಆಯ್ತು, ಒಂದೊಂದು ಚಮಚ ಕೊಡಿ" ಎಂದ ಅವನು.

ಅವಳು ಬಡಿಸಿದಳು. ಅವರು ನಿಂತೇ ಒಂದೊಂದು ಚಮಚ ಬಾಯಿಗಿಟ್ಟರು. ತಿಬೂರ್ಸಿಯೊ ತನ್ನದನ್ನು ನುಂಗಿ, "ಅಲ್ಲಿಯದಕ್ಕಿಂತ ಇದೇ..." ಎಂದು ಶುರುಮಾಡಿದವನು ಅದೆಮಾರನ ಮುಖ ನೋಡಿ ನಿಲ್ಲಿಸಿದ. ಪಿಟೀಲಿನವನಿಗೆ ಅಷ್ಟೂ ಇಳಿಯಲಿಲ್ಲ. ಚಮಚವನ್ನು ತಟ್ಟೆಯ ಅಂಚಿಗೆ ಒರಗಿಸಿ ತಂತಿ ಬಿಗಿಮಾಡುವ ನೆಪದಲ್ಲಿ ತಿರುಗಿ ನಿಂತ. ಮೇಸ್ತ್ರಿ ಪದ ಎತ್ತಿದ:

ಉಂಡೆವು ತಾಯಿ, ತಣಿಯಿತು ಒಡಲು,
ಆರದೆ ಇರಲಿ ನಿನ್ನೊಲೆಯ ಕಾವು;
ಇಟ್ಟ ಕೈಗೆಂದೂ ಬಾರದಿರಲಿ ಬಡತನ,
ಕೊಟ್ಟ ತುತ್ತಾಗಲಿ ಕೊನೆಯ ದಾರಿಯ ಬುತ್ತಿ.

ಎಷ್ಟು ವರ್ಷ ಕೇಳಿದ ಪದ ಅದು! ಹಸಿದು ಉಂಡವನ ದನಿಯಲ್ಲಿ ಒಂದು ಬಗೆಯ ಎಣ್ಣೆ ಇರುತ್ತದೆ, ಮಾತುಗಳು ಅದರ ಮೇಲೆ ಜಾರುತ್ತ ಬರುತ್ತವೆ. ಅಂದು ಎಣ್ಣೆ ಇರಲಿಲ್ಲ. ಪದದ ಒಂದು ಅಕ್ಷರ ತಪ್ಪಲಿಲ್ಲ, ಆದರೂ ನನ್ನ ಕಿವಿಗೆ ಅದು ಸಂತೆಯಲ್ಲಿ ಕೂಗಿ ಹೇಳುವ ಮಾತಿನಂತೆ ಕೇಳಿಸಿತು. ಯುಫ್ರಾಸಿಯ ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದಳು.

ಪದ ಮುಗಿದದ್ದೇ ತಡ, ಬಂದವರಲ್ಲಿ ಹುಲ್ಲಿನ ಟೋಪಿಯ ಹೆಂಗಸೊಬ್ಬಳು ಪಾತ್ರೆಯೊಳಗೆ ಬಗ್ಗಿ ನೋಡಿ, "ಅಯ್ಯೋ, ನಿಜವಾಗಿ ನೀಲಿ!" ಎಂದಳು. "ನಮಗೂ ಸಿಗುತ್ತಾ? ಅಲ್ಲಿ ಜಾಗಾನೇ ಸಿಗಲಿಲ್ಲ."

ಬಾವುಟದ ಹಿಂದೆ ಬಂದವರಿಗೆ ಬಡಿಸದೆ ಕಳಿಸುವಂತಿಲ್ಲ. ಕಳ್ಳ ಬಂದರೂ ಬಡಿಸಬೇಕು, ಅದೂ ಹರಕೆಯೊಳಗೇ ಸೇರಿದ್ದು. ಯುಫ್ರಾಸಿಯ ನನ್ನನ್ನು ನೋಡಿದಳು. ನಾನು ತಟ್ಟೆ ಇಟ್ಟೆ. ಅವಳು ಬಡಿಸಿದಳು. ಅವರು ಹಾಡುಗಾರರಿಗಾಗಿ ಇಟ್ಟ ಬೆಂಚುಗಳ ಮೇಲೆ ಕುಳಿತು, ಬೇಡಿ ಬೇಡಿ ಹಾಕಿಸಿಕೊಂಡು, ಅಂಬಲಿಯ ತಳ ಕೆರೆಸಿ ಉಂಡರು. ತಿನ್ನುವುದನ್ನು ಫೋಟೊ ತೆಗೆದರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ಹಸಿದಿದ್ದರು ಅಷ್ಟೆ. ಹುಲ್ಲು ಟೋಪಿಯವಳು ಕೈ ಒರೆಸಿಕೊಂಡು ಅದೆಮಾರನನ್ನು ಕೇಳಿದಳು, "ಈ ಅಜ್ಜಿ ದಿನಾ ಅಡುಗೆ ಮಾಡ್ತಾರಾ? ನಾವು ಎಲ್ಲರಿಗೂ ಹೇಳ್ತೀವಿ."

ಅದೆಮಾರನ ಮುಖದಲ್ಲಿ ಏನೋ ಹೊತ್ತಿಕೊಂಡದ್ದು ನನಗೆ ಕಾಣಿಸಿತು. ಮಗುವಾಗಿದ್ದಾಗ ದಡದಲ್ಲಿ ಚಿಪ್ಪು ಸಿಕ್ಕರೆ ಹೀಗೆಯೇ ಮುಖ ಮಾಡುತ್ತಿದ್ದ.

ಹೊರಗಿನವರು ಅಂಗಳಕ್ಕೆ ಇಳಿದ ಮೇಲೆ ಅವನು ತಾಯಿಯ ಹತ್ತಿರ ಬಂದ.

"ಅಮ್ಮಾ, ಕೋಪ ಬಿಡು. ನೋಡಿದ್ಯಾ ಹೇಗೆ ತಿಂದರು! ಒಡತಿಗೆ ಹೇಳಿದ್ರೆ ಶನಿವಾರ ಶನಿವಾರ ಜನರನ್ನ ಇಲ್ಲಿಗೇ ಕಳಿಸ್ತಾಳೆ. ನಾಳೆಯಿಂದ ಹೋಟೆಲಿನ ಅಡುಗೆಮನೆ ನಂದು. ಬಾವುಟ ಕರೆತಂದ್ರೆ ಕೊಡ್ತೀನಿ ಅಂದಿದ್ಲು, ಕೊಟ್ಟಳು."

"ಅದಕ್ಕೆ ಕರ್ಕೊಂಡು ಹೋದ್ಯಾ?"

"ಅದಕ್ಕೂ ಹೌದು. ಆದ್ರೆ ಕೇಳಿಲ್ಲಿ." ಅವನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಸುಳ್ಳು ಹೇಳುವವನ ದನಿ ಅದಲ್ಲ, ತಾನು ಹೇಳುತ್ತಿರುವುದನ್ನು ಅವನು ಪೂರಾ ನಂಬಿದ್ದ. "ಹರಕೆ ಯಾರಿಗೋಸ್ಕರ? ನನಗೋಸ್ಕರ. ಉಳಿದವನು ನಾನು. ಇವತ್ತು ಬಾವುಟ ಉಂಡಿದ್ದು ನನ್ನ ಕೈಯಲ್ಲಿ. ಇಷ್ಟು ವರ್ಷ ನೀನು ತೀರಿಸಿದೆ, ಇನ್ಮೇಲೆ ನಾನು ತೀರಿಸ್ತೀನಿ. ನಿನ್ನ ಹೆಗಲಿಂದ ಭಾರ ಇಳೀತಲ್ಲಮ್ಮಾ. ಈಗ ಊಟ ಮಾಡು."

ಅವಳು ಅವನ ತಲೆಯ ಮೇಲೆ ಕೈ ಇಟ್ಟಳು. ಬೈಯುತ್ತಾಳೆ ಎಂದುಕೊಂಡಿದ್ದೆ.

"ನೀನು ಹರಕೆಯ ಫಲ ಕಣೋ. ಹೊತ್ತವಳು ನಾನು. ಫಲ ಬಂದು ಮರದ ಋಣ ನಾನೇ ತೀರಿಸ್ತೀನಿ ಅಂದ್ರೆ ಯಾರಾದ್ರೂ ಒಪ್ತಾರಾ?" ಕೈ ತೆಗೆದಳು. "ಅವತ್ತು ನೀರು ಕುಡಿದು ನಿನಗೆ ಏನೂ ನೆನಪಿಲ್ಲ. ದಡದಲ್ಲಿದ್ದವಳು ನಾನು. ನಾನು ಅವತ್ತು ನಿಮ್ಮಪ್ಪನನ್ನ ಕೇಳಲಿಲ್ಲ, ಗೊತ್ತಾ? ಕೇಳಬಹುದಿತ್ತು. ಒಬ್ಬ ಸಾಕು ಅಂದೆ. ಆ ಮಾತಿಗೆ ನಾನು ಕೊಡ್ತಿದ್ದದ್ದು ಈ ಊಟ. ಅದನ್ನ ನೀನು ಚೌಕದಲ್ಲಿ ಬಡಿಸಿಬಿಟ್ಟೆ."

ಅವಳು ಮೇಸ್ತ್ರಿಯ ಕಡೆ ತಿರುಗಿದಳು. ಅವನು ಬಾವುಟವನ್ನು ಪೀಠದಿಂದ ಎತ್ತಿಸುತ್ತಿದ್ದ.

"ಮೇಸ್ತ್ರಿ, ನಿಮ್ಮ ಬಾಯಿಂದ ಕೇಳ್ತೀನಿ. ಬಾವುಟ ಇವತ್ತು ನನ್ನ ಮನೇಲಿ ಉಂಡಿತೋ?"

"ಹಾಡಿದೆವಲ್ಲ, ದೋನ."

"ಹಾಡಿದಿರಿ. ಉಂಡಿತೋ?"

ಆ ಮುದುಕನಿಗೆ ಬಾವುಟದ ಎದುರಿಗೆ ಹೌದೆನ್ನಲು ಆಗಲಿಲ್ಲ, ಅವಳ ಎದುರಿಗೆ ಇಲ್ಲವೆನ್ನಲು ಆಗಲಿಲ್ಲ. ಹೊಸ ಅಂಗಿಯ ಗುಂಡಿಯನ್ನು ತಿರುವುತ್ತ ನಿಂತ.

"ಹಾಗಾದ್ರೆ ಮುಂದಿನ ವರ್ಷ ನನ್ನ ಬಾಗಿಲಲ್ಲಿ ನಿಲ್ಲಬೇಡಿ."

ನಮ್ಮೂರಲ್ಲಿ ಯಾರೂ ಬಾವುಟಕ್ಕೆ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ತಿಬೂರ್ಸಿಯೊ ಕೂಡ ಶಿಲುಬೆಯ ಗುರುತು ಮಾಡಿಕೊಂಡ. ಅವಳು ಪಾತ್ರೆಯನ್ನು ಬಾವಿಕಟ್ಟೆಗೆ ಒಯ್ದು ಮರಳು ಹಾಕಿ ತಿಕ್ಕಲು ಕೂತಳು. ಅದರಲ್ಲಿ ಅವಳಿಗೆಂದು ಏನೂ ಉಳಿದಿರಲಿಲ್ಲ, ಉಳಿದಿದ್ದರೂ ಅವಳು ಮುಟ್ಟುತ್ತಿರಲಿಲ್ಲ. ಅಂದು ಅವಳು ಉಪವಾಸವೇ ಮಲಗಿದಳು. ಮರುದಿನ ಹಬ್ಬದ ಗಂಟೆ ಬಾರಿಸಿದಾಗ ಎಂದಿನಂತೆ ಪೂಜೆಗೆ ಬಂದಳು, ನನ್ನ ಪಕ್ಕ ಕೂತಳು, ಪದಗಳಿಗೆ ದನಿಗೂಡಿಸಲಿಲ್ಲ.

ಅದೆಮಾರ್ ಅಡುಗೆಮನೆಯ ಯಜಮಾನನಾದ. ವಾರಕ್ಕೊಮ್ಮೆ ತಾಯಿಗೆ ಸಾಮಾನು ತಂದು ಕೊಡುತ್ತಿದ್ದ. ಅವಳು ತೆಗೆದುಕೊಳ್ಳುತ್ತಿದ್ದಳು, ಕಾಫಿ ಕೊಡುತ್ತಿದ್ದಳು. ತಾಯಿ ಮಗನ ನಡುವೆ ಜಗಳ ಇದೆಯೆಂದು ಹೊರಗಿನವರಿಗೆ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಅವನು ನನ್ನನ್ನು ದಾರಿಯಲ್ಲಿ ನಿಲ್ಲಿಸಿ, "ಮಾದ್ರೀನ್ಯ, ನಾನು ಮಾಡಿದ್ದರಲ್ಲಿ ತಪ್ಪೇನಿದೆ, ಹೇಳಿ" ಎಂದು ಕೇಳಿದ. ಅವನ ಕಣ್ಣಲ್ಲಿ ನೀರಿತ್ತು. ಗೊತ್ತಾಗದವನಿಗೆ ಹೇಳಿ ತಿಳಿಸುವಂಥದಲ್ಲ ಅದು. "ನಿಮ್ಮಮ್ಮನ್ನ ಕೇಳು" ಎಂದೆ.

ಮರುವರ್ಷ ಬಾವುಟ ಬಂತು. ಅವಳು ಬೇಡವೆಂದರೂ ಬರಲೇಬೇಕು, ಯಾವ ಮನೆಯನ್ನೂ ದಾಟಿ ಹೋಗುವಂತಿಲ್ಲ. ಚೌಕದ ಜಗಲಿಯಲ್ಲಿ ಊಟ ಮುಗಿಸಿ, ಹಿಂದಿಗಿಂತ ದೊಡ್ಡ ಹಿಂಡಿನೊಡನೆ ಓಣಿಗೆ ತಿರುಗಿತು. ಯುಫ್ರಾಸಿಯಳ ಬಾಗಿಲು ಹಾಕಿತ್ತು. ನನ್ನ ಅಡುಗೆಮನೆಯ ಕಿಟಕಿಗೆ ಅವಳ ಅಡುಗೆಮನೆಯ ಕಿಟಕಿ ಎದುರಾಗಿದೆ. ಅವಳು ಮೇಜಿನ ಮುಂದೆ ಒಬ್ಬಳೇ ಕೂತಿದ್ದಳು. ಮುಂದೆ ಅನ್ನ, ಕಪ್ಪು ಹುರುಳಿ. ಹೊರಗೆ ಚರ್ಮವಾದ್ಯ ನಿಂತಿತು, ಪಿಟೀಲು ಎಳೆಯಿತು, ಮೇಸ್ತ್ರಿ ಕಿರೀನೊ ಟೋಪಿ ತೆಗೆದು ಬಾಗಿಲ ಪದ ಎತ್ತಿದ:

ಬಾಗಿಲ ತೆರೆ ತಾಯಿ, ಬೆಳಗಿಸು ದೀಪವ,
ಬಂದಿದೆ ಅಂಗಳಕೆ ಬಿಳಿಯ ಪಾರಿವಾಳ;
ದೂರದ ದಾರಿಗೆ ದಣಿದಿವೆ ರೆಕ್ಕೆಗಳು,
ಬೇಡುತಿದೆ ನಿನ್ನಲಿ ಹಿಡಿ ಅನ್ನ, ಗಳಿಗೆ ನೆರಳು.

ಅವನ ದನಿ ಈ ಸಲ ನಿಜವಾಗಿ ಬೇಡುತ್ತಿತ್ತು. ಒಳಗೆ, ಇಷ್ಟು ವರ್ಷ ಬಾವುಟ ಉಣ್ಣುವವರೆಗೂ ತುತ್ತು ಮುಟ್ಟದಿದ್ದವಳು ಚಮಚ ಎತ್ತಿದಳು, ಬಾಯಿಗಿಟ್ಟಳು, ಅಗಿದಳು. ಮತ್ತೊಂದು. ಪದ ಎರಡನೆಯ ಸಲ ಬಂತು. ಅವಳು ನೀರು ಕುಡಿದು ಮತ್ತೊಂದು ತುತ್ತು ತೆಗೆದಳು. ಹಸಿದವರು ಉಣ್ಣುವ ಹಾಗಿರಲಿಲ್ಲ ಅದು. ಔಷಧಿ ನುಂಗುವವರ ಹಾಗೆ, ಕಣ್ಣು ಗೋಡೆಗೆ ನೆಟ್ಟು, ಬಾವುಟ ಹೊಸ್ತಿಲಲ್ಲಿ ಇರುವಷ್ಟು ಹೊತ್ತೂ ಬಿಡದೆ ಉಣ್ಣುತ್ತಿದ್ದಳು.

"ಅಮ್ಮಾ," ಎಂದು ಅದೆಮಾರ್ ಬಾಗಿಲು ತಟ್ಟಿದ.

ಮೂರನೆಯ ಸಲ ಹಾಡಿ ಮೇಸ್ತ್ರಿ ನಿಲ್ಲಿಸಿದ. ಬಾಗಿಲು ತೆರೆದರೆ ಮಾತ್ರ ಪದ ಮುಂದಕ್ಕೆ ಹೋಗುತ್ತದೆ. ಅವನು ಕಾದ. ಪಿಟೀಲಿನವನು ಒಂದೇ ಸ್ವರವನ್ನು ಹಿಡಿದುಕೊಂಡು ಕಾದ. ಆಮೇಲೆ ಅದೂ ನಿಂತಿತು.

ಓಣಿಯ ತುಂಬ ನಿಂತಿದ್ದ ಹೊರಗಿನವರು ಹಾಡು ಮುಗಿಯಿತೆಂದು ತಿಳಿದು ಚಪ್ಪಾಳೆ ತಟ್ಟಿದರು.